‘ಬೇಕಾದವರು ಆನ್ ಮಾಡ್ಕೊಳ್ಳಿ’ ಅಂದರೆ ಯಾರಿಗೆ ಬೇಕಾದರೆ?

ತಮ್ಮ, ಬಳ್ಳಾರಿ: (ಮನೆಯವರ ಗುಂಪಿಗೆ ಫಾರ್ವರ್ಡ್ ಮಾಡಿದ ವಿಡಿಯೋ) ಮಾವ, ನಿಮ್ಮ ಹೊಸ ಲ್ಯಾಪ್‌ಟಾಪ್‌ನಲ್ಲಿ ಇದು ಬರುತ್ತದೆ. ಹೆಸರು ರಿಕಾಲ್, ವಿಂಡೋಸ್ ಮಾಡುವ ಮೈಕ್ರೋಸಾಫ್ಟ್‌ನವರದು. ನೀವು ನೋಡಿದ್ದನ್ನೆಲ್ಲ ನೆನಪಿಟ್ಟುಕೊಂಡು ಕೇಳಿದಾಗ ಹುಡುಕಿ ಕೊಡುತ್ತದೆ. ಆನ್ ಮಾಡಿ.

ಗಂಗಾವತಿ ಮಾವ: ಮೊನ್ನೆಯೇ ಆನ್ ಮಾಡಿದೆನಪ್ಪ. ಕಾರಟಗಿ ಪಾರ್ಟಿಯ ಹಳೇ ಬಿಲ್ಲು ಕ್ಷಣದಲ್ಲಿ ಸಿಕ್ಕಿತು. ಗುಮಾಸ್ತ ಅರ್ಧ ದಿನ ಹುಡುಕುತ್ತಿದ್ದ.

ನಾನು: ಮಾವ, ಮಿಲ್ಲಿನ ಆಫೀಸಿನಲ್ಲಿ ಅದನ್ನು ಆಫ್ ಮಾಡಿಬಿಡಿ. ಅದು ಕೆಲವು ಸೆಕೆಂಡಿಗೊಮ್ಮೆ ನಿಮ್ಮ ಪರದೆಯ ಫೋಟೋ ತೆಗೆದು ಇಟ್ಟುಕೊಳ್ಳುತ್ತದೆ. ಅದರಲ್ಲಿರುವ ಅಕ್ಷರಗಳನ್ನೂ ಓದಿಟ್ಟುಕೊಳ್ಳುತ್ತದೆ. ಅದಕ್ಕೇ ಅಷ್ಟು ಬೇಗ ಹುಡುಕಿ ಕೊಡುವುದು.

ತಮ್ಮ, ಬಳ್ಳಾರಿ: ಅಕ್ಕ, ಸುಮ್ನೆ ಹೆದರಿಸಬೇಡ. ಆ ಫೋಟೋಗಳು ನಮ್ಮ ಲ್ಯಾಪ್‌ಟಾಪ್ ಒಳಗೇ ಇರುತ್ತವೆ, ಮೈಕ್ರೋಸಾಫ್ಟ್‌ಗೆ ಹೋಗುವುದಿಲ್ಲ. ಎನ್‌ಕ್ರಿಪ್ಟ್ ಆಗಿರುತ್ತವೆ, ಅಂದರೆ ಬೇರೆಯವರು ಓದಲಾಗದ ಗುಪ್ತ ರೂಪದಲ್ಲಿ. ಅದೂ ತಾನಾಗಿ ಆನ್ ಆಗಲ್ಲ, ನಾವೇ ಒಪ್ಪಬೇಕು. ಬೇಡದವರು ಬಿಡಲಿ.

ನಾನು: ನೀನು ಹೇಳಿದ್ದು ಇವತ್ತಿನ ಮಟ್ಟಿಗೆ ನಿಜ. ಆದರೆ ಮೊದಲು ಹೀಗಿರಲಿಲ್ಲ. 2024ರ ಮೇ 20ರಂದು ಇದನ್ನು ಘೋಷಿಸಿದಾಗ ಬೇಡ ಅನ್ನುವವರು ತಾವೇ ಹೋಗಿ ಆಫ್ ಮಾಡಬೇಕಿತ್ತು. ಕೆವಿನ್ ಬ್ಯೂಮಾಂಟ್ ಎಂಬ ಭದ್ರತಾ ತಜ್ಞ ಪರೀಕ್ಷೆ ಮಾಡಿ ನೋಡಿದಾಗ, ಓದಿಟ್ಟುಕೊಂಡ ಅಕ್ಷರವೆಲ್ಲ ಒಂದು ಸಾದಾ ಡೇಟಾಬೇಸ್ ಫೈಲಿನಲ್ಲಿ ಬಿದ್ದಿತ್ತು. ಕಂಪ್ಯೂಟರಿಗೆ ನುಗ್ಗಿದ ಯಾವ ವೈರಸ್ಸಾದರೂ ಅದನ್ನು ಎತ್ತಿಕೊಂಡು ಹೋಗಬಹುದಿತ್ತು. ಜನ ಗಲಾಟೆ ಮಾಡಿದ ಮೇಲೆ, ಜೂನ್ 7ಕ್ಕೆ, ‘ಒಪ್ಪಿದವರಿಗೆ ಮಾತ್ರ’ ಅಂತ ಬದಲಾಯಿಸಿದರು. ಸಾರ್ವಜನಿಕವಾಗಿ ಬಿಟ್ಟಿದ್ದು 2025ರ ಏಪ್ರಿಲ್‌ನಲ್ಲಿ. ಈ ‘ಐಚ್ಛಿಕ’ವನ್ನು ಕಂಪನಿ ತಾನಾಗಿ ಕೊಟ್ಟಿಲ್ಲ, ಬಳಸುವವರು ಜಗಳ ಆಡಿ ತಗೊಂಡಿದ್ದಾರೆ. ನಾಳೆ ಒಂದು ಅಪ್‌ಡೇಟ್‌ನಲ್ಲಿ ಇದು ಬದಲಾಗಲ್ಲ ಅಂತ ನಾನಂತೂ ನಂಬುವುದಿಲ್ಲ.

ಗಂಗಾವತಿ ಮಾವ: ಆಯ್ತವ್ವ, ಆದರೆ ನಮ್ಮ ಮಿಲ್ಲಿನಲ್ಲಿ ಮುಚ್ಚಿಡುವಂಥದ್ದು ಏನಿದೆ? ಗೇಟಿಗೆ ಸಿಸಿಟಿವಿ ಹಾಕಿಸಿದೆ, ಯಾರೂ ಬೇಡ ಅನ್ನಲಿಲ್ಲ.

ನಾನು: ಸಿಸಿಟಿವಿಯಲ್ಲಿ ಯಾರು ಬಂದರು, ಯಾರು ಹೋದರು ಅಂತ ಕಾಣುತ್ತದೆ ಮಾವ. ಬಂದವರ ಪಾಸ್‌ಬುಕ್ ಅದು ಓದುವುದಿಲ್ಲ. ನಿಮ್ಮ ಆಫೀಸಿನಲ್ಲಿ ಏನಾಗುತ್ತದೆ ನೋಡಿ. ರೈತ ಭತ್ತ ತೂಕ ಹಾಕಿಸುತ್ತಾನೆ. ದುಡ್ಡು ಖಾತೆಗೆ ಹಾಕಲಿ ಅಂತ ಪಾಸ್‌ಬುಕ್ ಫೋಟೋ, ಆಧಾರ್ ಫೋಟೋ ವಾಟ್ಸಾಪ್ ಮಾಡುತ್ತಾನೆ. ಗುಮಾಸ್ತ ಅದನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆದು ನಂಬರ್ ನೋಡಿ ಹಾಕುತ್ತಾನೆ. ಅಷ್ಟರಲ್ಲಿ ರಿಕಾಲ್ ಫೋಟೋ ತೆಗೆದಿರುತ್ತದೆ. ರೈತ ತನ್ನ ಫೋನಿನಿಂದ ಆ ಮೆಸೇಜು ಡಿಲೀಟ್ ಮಾಡಿದರೂ ನಿಮ್ಮಲ್ಲಿ ಆ ಚಿತ್ರ ಉಳಿಯುತ್ತದೆ. ಹಮಾಲರ ಪಗಾರದ ಪಟ್ಟಿಯೂ ಅಷ್ಟೇ. ಆನ್ ಮಾಡಲು ಒಪ್ಪಿದ್ದು ನೀವು. ಆ ರೈತನನ್ನು ಯಾರು ಕೇಳಿದರು?

ರಾಯಚೂರು ಅಕ್ಕ: ಇದು ಯೋಚನೆ ಮಾಡುವ ಮಾತು. ನಮ್ಮ ಶಾಲೆಯಲ್ಲೂ ಮಕ್ಕಳ ಆಧಾರ್, ಜಾತಿ ಪ್ರಮಾಣಪತ್ರ ಎಲ್ಲ ಒಂದೇ ಕಂಪ್ಯೂಟರಿನಲ್ಲಿ ತೆರೆಯುತ್ತೇವೆ. ನಮ್ಮದು ಹಳೇ ಕಂಪ್ಯೂಟರ್, ಇದು ಇಲ್ಲ ಅಲ್ವಾ?

ನಾನು: ಇರುವುದಿಲ್ಲ ಅಕ್ಕ. ಕೋಪೈಲಟ್ ಪ್ಲಸ್ ಅಂತ ಮಾರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ. ಕಡಿಮೆ ಅಂದರೂ 16 ಜಿಬಿ ರ‍್ಯಾಮ್ ಬೇಕು.

ತಮ್ಮ, ಬಳ್ಳಾರಿ: ಅದಕ್ಕೆಲ್ಲ ಫಿಲ್ಟರ್ ಇದೆ. ಪಾಸ್‌ವರ್ಡ್, ಕಾರ್ಡ್ ನಂಬರ್ ಕಂಡರೆ ಆ ಫೋಟೋ ಉಳಿಸುವುದಿಲ್ಲ. ತೆರೆಯಬೇಕಂದರೂ ಮುಖ ಅಥವಾ ಬೆರಳು ತೋರಿಸಬೇಕು.

ನಾನು: ಫಿಲ್ಟರ್ ಇದೆ, ಆದರೆ ಪೂರ್ತಿ ಹಿಡಿಯುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಕಂಪ್ಯೂಟರ್ ಸುದ್ದಿ ತಾಣದವರು ಫಿಲ್ಟರ್ ಆನ್ ಇಟ್ಟೇ ಪರೀಕ್ಷೆ ಮಾಡಿದರು. ನೋಟ್‌ಪ್ಯಾಡ್‌ನಲ್ಲಿ ಬರೆದ ಕಾರ್ಡ್ ನಂಬರ್ ಹಾಗೇ ಉಳಿದಿತ್ತು. ಇನ್ನು ಬೆರಳಿನ ಮಾತು. ಅದು ಆಗದಿದ್ದರೆ ಪಿನ್ ಹಾಕಿಯೂ ತೆರೆಯಬಹುದು. ಮಾವ, ಆ ಲ್ಯಾಪ್‌ಟಾಪ್ ಪಿನ್ ಯಾರ್ಯಾರಿಗೆ ಗೊತ್ತು?

ಗಂಗಾವತಿ ಮಾವ: ಗುಮಾಸ್ತನಿಗೆ, ತೂಕದ ಹುಡುಗನಿಗೆ, ನಿಮ್ಮ ಅತ್ತೆಗೆ. ಎಲ್ಲರೂ ನಂಬಿಕಸ್ತರೇ.

ನಾನು: ಇವತ್ತು ನಂಬಿಕಸ್ತರೇ ಮಾವ, ನಾನು ಯಾರ ಮೇಲೂ ಗೂಬೆ ಕೂರಿಸುತ್ತಿಲ್ಲ. ಆದರೆ ಕೆಲಸ ಬಿಟ್ಟುಹೋಗುವ ಹುಡುಗ ಆ ಪಿನ್ ಮರೆತು ಹೋಗುವುದಿಲ್ಲ. ಮೊದಲಾದರೆ ಒಂದೊಂದು ಕಾಗದ ಹುಡುಕಬೇಕಿತ್ತು. ಈಗ ಒಂದು ಹೆಸರು ಟೈಪ್ ಮಾಡಿದರೆ ಸಾಕು.

ತಮ್ಮ, ಬಳ್ಳಾರಿ: ಹಾಗಾದರೆ ನಿನಗೆ ಬೇಡ, ನೀನು ಆಫ್ ಮಾಡ್ಕೋ. ಉಳಿದವರಿಗೆ ಯಾಕೆ ಉಪದೇಶ?

ನಾನು: ನನ್ನದರಲ್ಲಿ ಇಲ್ಲವೇ ಇಲ್ಲ. ನಿನ್ನದರಲ್ಲಿ ಆನ್ ಇದೆಯಲ್ಲ? ಅಪ್ಪನ ರಕ್ತ ಪರೀಕ್ಷೆ ರಿಪೋರ್ಟು, ಬ್ಯಾಂಕಿನ ಸ್ಟೇಟ್‌ಮೆಂಟು ನಾನು ನಿನಗೆ ಕಳಿಸಿದೆ. ಎಲ್ಲಿ ತೆರೆದೆ?

ತಮ್ಮ, ಬಳ್ಳಾರಿ: ಲ್ಯಾಪ್‌ಟಾಪ್‌ನಲ್ಲೇ.

ನಾನು: ನೋಡು. ನಾನು ಎಷ್ಟು ಆಫ್ ಮಾಡಿಕೊಂಡರೂ, ಅಪ್ಪನ ಕಾಗದ ನಿನ್ನ ರಿಕಾಲ್ ಒಳಗೆ ಹೋಯಿತು. ಅಪ್ಪನಿಗೆ ಈ ಹೆಸರೂ ಗೊತ್ತಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿಯೇ. ವಾಟ್ಸಾಪ್ ತರಹದ ಮೆಸೇಜು ಆ್ಯಪ್ ಸಿಗ್ನಲ್‌ನವರಿಗೂ ಇದೇ ಕಷ್ಟ ಆಯಿತು. ‘ಈ ಆ್ಯಪ್‌ನ ಫೋಟೋ ತೆಗೆಯಬೇಡ’ ಅಂತ ರಿಕಾಲ್‌ಗೆ ಹೇಳಲು ಮೈಕ್ರೋಸಾಫ್ಟ್ ಅವರಿಗೆ ಸರಿಯಾದ ದಾರಿ ಕೊಟ್ಟಿರಲಿಲ್ಲ. ಸಿನಿಮಾ ಕದಿಯದಿರಲಿ ಅಂತ ವಿಂಡೋಸ್‌ನಲ್ಲಿ ಮಾಡಿಟ್ಟ ರಕ್ಷಣೆಯನ್ನೇ ಸಿಗ್ನಲ್‌ನವರು 2025ರ ಮೇನಲ್ಲಿ ತಮ್ಮ ಚಾಟ್‌ಗಳಿಗೂ ಬಳಸಿದರು. ಆಮೇಲೆ ಬ್ರೇವ್ ಬ್ರೌಸರ್‌ನವರೂ ರಿಕಾಲ್ ತಡೆದರು. ಸಿನಿಮಾಕ್ಕೆ ಮೊದಲಿಂದಲೇ ರಕ್ಷಣೆ ಇತ್ತು. ಮನುಷ್ಯರ ಮಾತಿಗೆ ಇಷ್ಟು ಪರದಾಡಬೇಕೇ?

ರಾಯಚೂರು ಅಕ್ಕ: ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಆ ಕೇಸು ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮಕ್ಕಳಿಗೆ ಪಾಠ ಮಾಡುತ್ತೇನೆ, ಮನೆಯಲ್ಲಿ ಯಾರೂ ಕೇಳಲ್ಲ.

ಗಂಗಾವತಿ ಮಾವ: ನಾನು ಕೇಳಿದೆನಲ್ಲವ್ವ. ಬಿಲ್ಲು ಹುಡುಕುವುದು ಸುಲಭ ಆಗಿತ್ತು, ಅದೊಂದೇ ಬೇಜಾರು. ಎಲ್ಲಿ ಆಫ್ ಮಾಡಬೇಕು?

ನಾನು: ಸೆಟ್ಟಿಂಗ್ಸ್, ಅದರಲ್ಲಿ ಪ್ರೈವೆಸಿ ಅಂಡ್ ಸೆಕ್ಯುರಿಟಿ, ಅದರಲ್ಲಿ ರಿಕಾಲ್ ಅಂಡ್ ಸ್ನ್ಯಾಪ್‌ಶಾಟ್ಸ್. ಸೇವ್ ಸ್ನ್ಯಾಪ್‌ಶಾಟ್ಸ್ ಅನ್ನುವುದನ್ನು ಆಫ್ ಮಾಡಿ. ಅಷ್ಟಕ್ಕೇ ಬಿಡಬೇಡಿ, ಹಳೇ ಫೋಟೋಗಳು ಹಾಗೇ ಇರುತ್ತವೆ. ಅಲ್ಲೇ ಡಿಲೀಟ್ ಕೂಡ ಇದೆ, ಎಲ್ಲ ಅಳಿಸಿ. ಬಿಲ್ಲುಗಳಿಗೆ ಪಾರ್ಟಿ ಹೆಸರಿನ ಫೋಲ್ಡರ್ ಮಾಡೋಣ. ಭಾನುವಾರ ಬಂದು ನಾನೇ ಗುಮಾಸ್ತನಿಗೆ ತೋರಿಸಿಕೊಡುತ್ತೇನೆ.

ತಮ್ಮ, ಬಳ್ಳಾರಿ: ನಾನು ತೆಗೆಯುವುದಿಲ್ಲ. ನನ್ನ ಕೋಡಿಂಗ್ ಕೆಲಸಕ್ಕೆ ಬೇಕು. ಫೋಟೋ ತೆಗೆಯಬೇಡ ಅಂತ ವಾಟ್ಸಾಪ್ ಆ್ಯಪನ್ನು ನನ್ನ ರಿಕಾಲ್‌ನ ಫಿಲ್ಟರಿಗೆ ಹಾಕುತ್ತೇನೆ, ಆಯ್ತಾ?

ನಾನು: ಬ್ರೌಸರಿನಲ್ಲಿ ವಾಟ್ಸಾಪ್ ವೆಬ್ ತೆರೆಯುತ್ತೀಯಲ್ಲ, ಆ ಸೈಟನ್ನೂ ಹಾಕು. ಅಪ್ಪನ ರಿಪೋರ್ಟು ಈಗಲೇ ಹುಡುಕಿ ಅಳಿಸು.