ಮಂಗನ ಕಾಯಿಲೆ: ತೈಲ ಹಚ್ಚದೆ ಬೆಟ್ಟಕ್ಕೆ ಹೋದರೆ ದಂಡ ಹಾಕಬಹುದಾ?

ಪ್ರಶ್ನೆ (ಗ್ರಾಮ ಪಂಚಾಯ್ತಿ ಸದಸ್ಯರು, ಸಿದ್ದಾಪುರ ತಾಲ್ಲೂಕು): ಡಾಕ್ಟ್ರೇ, ನಮಸ್ಕಾರ. ಮಂಗನ ಕಾಯಿಲೆಗೆ ಆಶಾ ಕಾರ್ಯಕರ್ತೆಯರು ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೇಪಾ ತೈಲವನ್ನು ಮನೆಮನೆಗೆ ಕೊಡುತ್ತಾರೆ. ಜನ ಅದನ್ನು ಮಾಡಿನ ಮೇಲೆ ಇಟ್ಟು ಹಾಗೇ ದರಕು (ಒಣಗಿದ ಎಲೆ) ತರಲು ಬೆಟ್ಟಕ್ಕೆ ಹೋಗುತ್ತಾರೆ. ಕೊರೊನಾ ಕಾಲದಲ್ಲಿ ದಂಡ ಬಂದ ಮೇಲೆಯೇ ಅಲ್ವಾ ಮಾಸ್ಕ್ ಹಾಕಿದ್ದು? ಈಗಲೂ ಪಂಚಾಯ್ತಿಯಿಂದ ದಂಡ ಹಾಕಿದರೆ ಹೇಗೆ? ಅಥವಾ ಬೆಟ್ಟಕ್ಕೆ ಹೋಗುವುದನ್ನೇ ನಿಲ್ಲಿಸಿಬಿಟ್ಟರೆ?

ಉತ್ತರ (ಸಮುದಾಯ ಆರೋಗ್ಯ ವೈದ್ಯೆ, ಶಿರಸಿ): ನಮಸ್ಕಾರ. ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ದಂಡ ಬೇಡ ಎಂದೇ ಹೇಳುತ್ತೇನೆ.

ಮಾಸ್ಕ್ ಕಡ್ಡಾಯ ಮಾಡಲು ಒಂದು ನ್ಯಾಯ ಇತ್ತು. ನಾನು ಹಾಕದಿದ್ದರೆ ಪಕ್ಕದಲ್ಲಿ ನಿಂತವರಿಗೂ ಸೋಂಕು ತಗಲುತ್ತಿತ್ತು. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ವೈರಸ್ ಇರುವ ಉಣುಗು ಕಚ್ಚಿದರೆ ಬರುತ್ತದೆ. ಕಾಯಿಲೆ ಬಿದ್ದ ಅಥವಾ ಸತ್ತ ಮಂಗನನ್ನು ಮುಟ್ಟಿದರೂ ಬರಬಹುದು. ತೈಲ ಹಚ್ಚದೆ ಹೋದವರಿಂದ ನೆರೆಮನೆಯವರಿಗೆ ತೊಂದರೆ ಇಲ್ಲ. ಹಾಗಿದ್ದಾಗ ಯಾರನ್ನು ಕಾಪಾಡಲು ದಂಡ? ಅದೂ ಅಲ್ಲದೆ ಮಾಸ್ಕ್ ಪೇಟೆಯಲ್ಲಿ ಎದುರಿಗೇ ಕಾಣುತ್ತಿತ್ತು. ಸೊಪ್ಪಿನ ಬೆಟ್ಟದಲ್ಲಿ ಯಾರ ಕಾಲಿಗೆ ತೈಲ ಇದೆ ಎಂದು ನೋಡುವವರು ಯಾರು?

ಇದಕ್ಕಿಂತ ದೊಡ್ಡ ಹೆದರಿಕೆ ನನಗೆ ಬೇರೆ ಇದೆ. ಜನ ಜ್ವರವನ್ನು ಮುಚ್ಚಿಡಲು ಶುರು ಮಾಡುತ್ತಾರೆ. ಡಿಸೆಂಬರ್‌ನಿಂದ ಮೇವರೆಗೆ ನಮ್ಮ ಕಡೆ ಯಾರಿಗೆ ಜ್ವರ ಬಂದರೂ ನಾವು ಮೊದಲು ಕೇಳುವುದು, 'ಬೆಟ್ಟಕ್ಕೆ ಹೋಗಿದ್ರಾ?' ಅಂತ. ಈ ಕಾಯಿಲೆಗೆ ಅಂತಲೇ ಒಂದು ಔಷಧಿ ಇಲ್ಲ. ಬೇಗ ಗುರುತಿಸಬೇಕು, ನೀರಿನ ಅಂಶ ಇಳಿಯದಂತೆ ನೋಡಬೇಕು, ರಕ್ತಸ್ರಾವ ಆಗುತ್ತದಾ ಎಂದು ಕಾಯಬೇಕು. ದಂಡದ ಭಯಕ್ಕೆ 'ಇಲ್ಲ, ಮನೆಯಲ್ಲೇ ಇದ್ದೆ' ಎಂದು ಒಂದು ಸುಳ್ಳು ಹೇಳಿದರೆ ಸಾಕು, ನಮ್ಮ ಕೈಯಲ್ಲಿದ್ದ ಸುಳಿವು ಹೋಯಿತು. ಎಷ್ಟೋ ಮಂದಿ ಆಸ್ಪತ್ರೆಗೇ ಬರದೆ ಅಂಗಡಿ ಮಾತ್ರೆ ನುಂಗಿ ಮಲಗುತ್ತಾರೆ. ಸತ್ತ ಮಂಗ ಕಂಡರೂ ಬಾಯಿ ಬಿಡುವುದಿಲ್ಲ, 'ನೀನು ಅಲ್ಲಿಗೆ ಯಾಕೆ ಹೋಗಿದ್ದೆ?' ಎಂದು ಕೇಳುತ್ತಾರಲ್ಲ! ಮಂಗ ಸತ್ತ ಸುದ್ದಿಯೇ ನಮಗೆ ಸಿಗುವ ಮೊದಲ ಎಚ್ಚರಿಕೆ. ಅದನ್ನು ಕಳೆದುಕೊಳ್ಳಲು ನಾನಂತೂ ಒಪ್ಪುವುದಿಲ್ಲ.

ಇದು ಹಿಂದೆ ಆಗಿದ್ದೇ. 1896ರಲ್ಲಿ ಬಾಂಬೆಗೆ ಪ್ಲೇಗ್ ಬಂತು. ಮರುವರ್ಷ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಆಗ ಕಾರವಾರವೂ ಬಾಂಬೆ ಪ್ರಾಂತ್ಯದಲ್ಲೇ ಇತ್ತು. ಪುಣೆಯಲ್ಲಿ ಸೈನಿಕರು ಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ಜನ ರೋಗಿಗಳನ್ನೂ ಹೆಣಗಳನ್ನೂ ಬಚ್ಚಿಟ್ಟರು. ಸಿಟ್ಟು ಎಷ್ಟಕ್ಕೆ ಹೋಯಿತೆಂದರೆ 1897ರ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರಾಂಡ್ ಮೇಲೆ ಗುಂಡು ಹಾರಿತು. 2020ರಲ್ಲಿ ಮತ್ತೆ ಹೊರಗೆ ತೆಗೆದದ್ದು ಅದೇ ಕಾಯ್ದೆ.

ಬೆಟ್ಟಕ್ಕೆ ಹೋಗಬೇಡಿ ಎನ್ನುವುದು ಇನ್ನೂ ಕಷ್ಟ. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಕು, ಒಲೆಗೆ ಕಟ್ಟಿಗೆ ಬೇಕೇ ಬೇಕು. ನಿಲ್ಲಿಸುವುದಾದರೆ ಇದನ್ನೆಲ್ಲ ಬೇರೆ ಕಡೆಯಿಂದ ನೀವೇ ತಂದುಕೊಡಬೇಕಾಗುತ್ತದೆ.

ಮರುಪ್ರಶ್ನೆ (ಬೈತಖೋಲ, ಕಾರವಾರ): ಮೇಡಂ, ಹಾಗಾದರೆ ಕಡ್ಡಾಯ ಎನ್ನುವುದೇ ತಪ್ಪಾ? ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್ ಸಮುದ್ರಕ್ಕೆ ಇಳಿಯುವಂತಿಲ್ಲ. ಅದನ್ನು ಎಲ್ಲರೂ ಪಾಲಿಸುತ್ತೇವಲ್ಲ.

ಉತ್ತರ: ಒಳ್ಳೆ ಮಾತು ಹೇಳಿದ್ರಿ. ಕಡ್ಡಾಯ ತಪ್ಪು ಅಂತ ನಾನು ಹೇಳುವುದಿಲ್ಲ. ಆ 61 ದಿನದ ನಿಷೇಧ ನಡೆಯುವುದು ಯಾಕೆ ನೋಡಿ. ಮೀನು ಮೊಟ್ಟೆ ಇಡುವ ಕಾಲ, ಮಳೆಗಾಲದ ಸಮುದ್ರ, ಎರಡೂ ನಿಮಗೆ ಅಧಿಕಾರಿಗಳಿಗಿಂತ ಚೆನ್ನಾಗಿ ಗೊತ್ತು. ತಾರೀಕು ಮೊದಲೇ ಗೊತ್ತಿರುತ್ತದೆ, ಬಲೆ ರಿಪೇರಿ ಆ ಹೊತ್ತಿಗೆ ಇಟ್ಟುಕೊಳ್ಳುತ್ತೀರಿ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದದ್ದು ರಾತ್ರಿ ಎಂಟಕ್ಕೆ ಹೇಳಿ ಹನ್ನೆರಡಕ್ಕೆ. ರೋಗ ಹೊಸದು, ತಡೆಯಬೇಕಿತ್ತು ನಿಜ. ಆದರೆ ದಿನಗೂಲಿಯವರು ಮನೆಯಲ್ಲಿ ಕೂರಬೇಕಾದರೆ ಮನೆಗೆ ಅಕ್ಕಿ ಬರಬೇಕು. ಅದು ತಲುಪದ ಕಡೆ ಜನ ಹೊರಬಿದ್ದರೆ ಅದನ್ನು ಹಟ ಎನ್ನಲು ನನ್ನಿಂದ ಆಗುವುದಿಲ್ಲ.

ಮಾಸ್ಕ್ ದಂಡದ್ದೂ ನೆನಪಿರಬಹುದು. 2020ರ ಅಕ್ಟೋಬರ್‌ನಲ್ಲಿ ಪಾಲಿಕೆ ಇರುವ ಊರುಗಳಲ್ಲಿ 1000, ಉಳಿದ ಕಡೆ 500 ರೂಪಾಯಿ ಎಂದರು. ವಿರೋಧ ಬಂದ ಮೇಲೆ 250 ಮತ್ತು 100ಕ್ಕೆ ಇಳಿಸಿದರು. ಬಸ್ಸಿನಲ್ಲಿ, ಸಂತೆಯಲ್ಲಿ ಸಣ್ಣ ದಂಡ ಕೆಲಸ ಮಾಡುತ್ತದೆ ಎಂದೇ ನನ್ನ ಅಭಿಪ್ರಾಯ. ಮನೆಯೊಳಗಿನ ವಿಷಯಕ್ಕೆ, ಮೈಯೊಳಗೆ ಹೋಗುವ ವಿಷಯಕ್ಕೆ ಅದು ಸಲ್ಲದು. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಕೂಡ 2022ರ ಮೇ 2ರಂದು ಹೇಳಿತು.

ಮರುಪ್ರಶ್ನೆ (ಮೊದಲ ಸದಸ್ಯರು): ಸರಿ ಡಾಕ್ಟ್ರೇ, ದಂಡ ಬಿಟ್ಟೆವು. ಆದರೆ ಸುಮ್ನೆ ಹೇಳಿದರೆ ಯಾರು ಕೇಳುತ್ತಾರೆ?

ಉತ್ತರ: ಹೇಳುವ ಮೊದಲು ಕೇಳಿ. ತೈಲ ಯಾಕೆ ಹಚ್ಚುತ್ತಿಲ್ಲ? ಜಿಡ್ಡಾ? ವಾಸನೆಯಾ? ಬಾಟಲಿ ಮುಗಿದಿದೆಯಾ? ಒಂದೊಂದು ಮನೆಯ ಕಾರಣ ಒಂದೊಂದು, ಪರಿಹಾರವೂ ಬೇರೆ. ಉತ್ತರ ಪ್ರದೇಶದಲ್ಲಿ ಪೋಲಿಯೋ ಹನಿ ಬೇಡ ಎಂದು ಬಾಗಿಲು ಹಾಕಿದ ಮನೆಗಳಿಗೆ ಅದೇ ಕೇರಿಯ ಹೆಂಗಸರು, ಊರಿನ ಮೌಲ್ವಿಗಳು ಮತ್ತೆ ಮತ್ತೆ ಹೋದರು. 2011ರ ಜನವರಿಯ ನಂತರ ದೇಶದಲ್ಲಿ ನೈಸರ್ಗಿಕ (ವೈಲ್ಡ್) ಪೋಲಿಯೋ ವೈರಸ್‌ನ ಪ್ರಕರಣ ಕಂಡಿಲ್ಲ.

ಮಂಗನ ಕಾಯಿಲೆಗೆ ಈ ಮಾತುಕತೆ ಇನ್ನೂ ಮುಖ್ಯ, ಯಾಕೆಂದರೆ ಹಳೆಯ ಲಸಿಕೆ 2022ರಲ್ಲೇ ನಿಂತಿದೆ. ಉಳಿದಿರುವುದು ತೈಲ, ಮೈ ಮುಚ್ಚುವ ಬಟ್ಟೆ, ಬಂದ ಮೇಲೆ ಬಿಸಿನೀರು ಸೋಪಿನ ಸ್ನಾನ.

ಪಂಚಾಯ್ತಿ ಮಾಡಬಹುದಾದದ್ದು ಇದು: ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಯಾವ ಮನೆ ಅಥವಾ ಅಂಗಡಿ ಇದೆಯೋ ಅಲ್ಲಿ ತೈಲದ ಬಾಟಲಿ ಇಡಿಸಿ. ಮಾಡಿನ ಮೇಲಿನ ಬಾಟಲಿ ನೆನಪಾಗುವುದಿಲ್ಲ, ದಾರಿಯದ್ದು ಕೈಗೆ ಸಿಗುತ್ತದೆ. ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಲು ಒಂದು ಫೋನ್ ನಂಬರ್ ಗೋಡೆಗೆ ಬರೆಸಿ. ತಿಳಿಸಿದವರನ್ನು ಯಾರೂ ಏನೂ ಕೇಳುವುದಿಲ್ಲ ಎಂಬುದನ್ನೂ ಅದರ ಕೆಳಗೇ ಬರೆಸಿ. ಡಿಸೆಂಬರ್‌ಗೆ ಮೊದಲೇ ಇಷ್ಟು ಆಗಿರಲಿ. ನಿಮ್ಮ ಆಶಾ ಕಾರ್ಯಕರ್ತೆಯರ ಸಭೆ ಯಾವತ್ತು ಇದೆ ಹೇಳಿ, ನಾನೂ ಬರುತ್ತೇನೆ.