ಧಾರಾವಾಹಿ ನಡೆಯುತ್ತಿರುವಾಗ ಸಿನಿಮಾದ ಪೋಷಕ ಪಾತ್ರ ಒಪ್ಪಿಕೊಳ್ಳಬಹುದೆ?

ರಂಗಮಿತ್ರ:
ಹವ್ಯಾಸಿ ರಂಗಭೂಮಿಯಿಂದ ಬಂದು ದಿನದ ಧಾರಾವಾಹಿಯಲ್ಲಿ ಅಪ್ಪ, ಮಾವನ ಪಾತ್ರ ಮಾಡುವವರಿಗೆ ನಡುವೆ ಸಿನಿಮಾದಲ್ಲಿ ನಾಲ್ಕೈದು ದಿನದ ಪಾತ್ರ ಬಂದರೆ ಡೇಟ್ಸ್ ಹೇಗೆ ಹೊಂದಿಸಬೇಕು? ನಾಟಕದ ಯಾವ ಅಭ್ಯಾಸ ಬಿಡಬೇಕು? ದುಡ್ಡಿನಲ್ಲಿ ಏನೇನು ಕೇಳಿಕೊಳ್ಳಬೇಕು? ಬಲ್ಲವರು ತಿಳಿಸಿ.

ಕ್ಲಾಪ್‌ಬೋರ್ಡ್:
ಧಾರಾಳವಾಗಿ ಒಪ್ಪಿಕೊಳ್ಳಿ. ಆದರೆ ಧಾರಾವಾಹಿಯ ಬ್ಯಾಂಕಿಂಗ್, ಅಂದರೆ ಮುಂಚಿತವಾಗಿ ತೆಗೆದಿಟ್ಟ ಸಂಚಿಕೆ, ಎಷ್ಟಿದೆ ಅಂತ ಮೊದಲು ವಿಚಾರಿಸಿ. ಪ್ರಸಾರಕ್ಕೆ ಸಿದ್ಧವಾದ ಸಂಚಿಕೆ ಎರಡೇ ಇದ್ದರೆ ನಿಮಗೆ ಬಿಟ್ಟುಕೊಟ್ಟ ದಿನ ಹಿಂದಿನ ರಾತ್ರಿಯೂ ರದ್ದಾಗಬಹುದು. ಹತ್ತು ಸಂಚಿಕೆ ಮುಂದಿದ್ದರೆ ಸಂಚಿಕೆ ನಿರ್ದೇಶಕರು ನಿಮ್ಮ ದೃಶ್ಯಗಳನ್ನು ಮೊದಲೇ ಮುಗಿಸಿಕೊಡುತ್ತಾರೆ. ಸಿನಿಮಾದ ದಿನಾಂಕಗಳನ್ನು ಮ್ಯಾನೇಜರ್ ಮತ್ತು ಸಂಚಿಕೆ ನಿರ್ದೇಶಕ ಇಬ್ಬರಿಗೂ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ. ಒಬ್ಬರಿಗೆ ಬಾಯಲ್ಲಿ ಹೇಳಿದ್ದು ಇನ್ನೊಬ್ಬರಿಗೆ ತಲುಪದೆ ಜಗಳವಾಗುವುದೇ ಹೆಚ್ಚು.

ಡೇಟ್ಸ್‌ಗಿಂತ ದೊಡ್ಡ ತೊಂದರೆ ಕಂಟಿನ್ಯೂಟಿ, ಅಂದರೆ ಶಾಟ್‌ನಿಂದ ಶಾಟ್‌ಗೆ ವೇಷ, ವಸ್ತು ಬದಲಾಗದಂತೆ ನೋಡಿಕೊಳ್ಳುವುದು. ಧಾರಾವಾಹಿಯ ಅಪ್ಪನಿಗೆ ಮೀಸೆ ಇದ್ದರೆ ಸಿನಿಮಾಕ್ಕಾಗಿ ಬೋಳಿಸುವ ಹಾಗಿಲ್ಲ. ಅಂಟಿಸಿದ ಮೀಸೆ ಕ್ಲೋಸಪ್‌ನಲ್ಲಿ ಗೊತ್ತಾಗಿಬಿಡುತ್ತದೆ. ಲುಕ್ ಏನು ಅಂತ ಅಡ್ವಾನ್ಸ್ ಪಡೆಯುವ ಮುಂಚೆಯೇ ಕೇಳಿ. ಬಾಗಿಲ ಹೊರಗೆ ಚಪ್ಪಲಿ ಬಿಡುವ ಶಾಟ್ ಇವತ್ತು ತೆಗೆದು, ಒಳಗೆ ಕಾಲಿಡುವ ಶಾಟ್ ಹತ್ತು ದಿನ ಬಿಟ್ಟು ತೆಗೆಯುವುದುಂಟು. ಆದ್ದರಿಂದ ದೃಶ್ಯ ಮುಗಿದ ತಕ್ಷಣ, ಬಟ್ಟೆ ಬಿಚ್ಚುವ ಮುಂಚೆ, ಫೋನಿನಲ್ಲಿ ನಾಲ್ಕು ಫೋಟೊ ತೆಗೆಸಿಕೊಳ್ಳಿ: ಎದುರಿನಿಂದ, ಎರಡೂ ಪಕ್ಕದಿಂದ, ಕೈಗಳದ್ದು ಬೇರೆ. ವಾಚು ಯಾವ ಕೈಯಲ್ಲಿತ್ತು, ಶಲ್ಯ ಯಾವ ಹೆಗಲ ಮೇಲಿತ್ತು, ತೋಳು ಎಷ್ಟು ಮಡಚಿತ್ತು ಎಂಬುದೆಲ್ಲ ಅದರಲ್ಲಿರಲಿ. ಸಹಾಯಕರ ಹತ್ತಿರವೂ ಫೋಟೊ ಇರುತ್ತದೆ, ಆದರೆ ಸಹಾಯಕರು ನಡುವೆ ಬದಲಾಗುತ್ತಾರೆ.

ಹಿನ್ನೆಲೆ:
ನಾಟಕದವರು ಮೊದಲು ಬಿಡಬೇಕಾದ್ದು ಕೊನೇ ಸಾಲಿನವರೆಗೆ ಮಾತು ಮುಟ್ಟಿಸುವ ಅಭ್ಯಾಸ. ಎದುರಿಗಿರುವ ನಟನಿಗೆ ಕೇಳಿಸುವಷ್ಟು ದನಿ ಸಾಕು. ಪ್ರಾಂಪ್ಟಿಂಗ್ (ಪಕ್ಕದಿಂದ ಮಾತು ಹೇಳಿಕೊಡುವುದು) ಇರುವ ಸೆಟ್‌ನಲ್ಲಿ ಸಾಲು ಕಿವಿಗೆ ಬಿದ್ದ ಕೂಡಲೇ ಕಣ್ಣು ಪ್ರಾಂಪ್ಟರ್ ಕಡೆ ಹೊರಳುತ್ತದೆ, ಕ್ಯಾಮೆರಾ ಅದನ್ನು ಬಿಡುವುದಿಲ್ಲ. ಎದುರಿನವರ ಒಂದೇ ಕಣ್ಣನ್ನು ನೋಡುತ್ತಾ ಮಾತಾಡಿ. ಎರಡೂ ಕಣ್ಣುಗಳ ನಡುವೆ ದೃಷ್ಟಿ ಓಡಾಡಿದರೆ ಕ್ಲೋಸಪ್‌ನಲ್ಲಿ ಚಡಪಡಿಕೆಯಂತೆ ಕಾಣುತ್ತದೆ.

ಸಣ್ಣ ಪಾತ್ರವಾದರೆ ಕೈಗೊಂದು ಕೆಲಸ ಹುಡುಕಿಕೊಳ್ಳಿ. 1974ರ ‘ಭೂತಯ್ಯನ ಮಗ ಅಯ್ಯು’ವಿನಲ್ಲಿ ಲೋಕನಾಥ್ ಉಪ್ಪಿನಕಾಯಿ ಚಪ್ಪರಿಸಿದ್ದು ಕೊನೆಯವರೆಗೂ ಅವರ ಹೆಸರಿಗೇ ಅಂಟಿಕೊಂಡಿತು. ಎಂಥ ನಟ! ಆದರೆ ಆ ಕೆಲಸ ಪ್ರತಿ ಟೇಕ್‌ನಲ್ಲೂ ಅದೇ ಪದದ ಮೇಲೆ ಬೀಳಬೇಕು. ಇಡೀ ದೃಶ್ಯ ಒಟ್ಟಿಗೆ ತೆಗೆಯುವ ಮಾಸ್ಟರ್ ಶಾಟ್‌ನಲ್ಲಿ ‘ಬಂದ’ ಅನ್ನುವಾಗ ಲೋಟ ಕೆಳಗಿಟ್ಟು, ಕ್ಲೋಸಪ್‌ನಲ್ಲಿ ‘ಹೋದ’ ಅನ್ನುವಾಗ ಇಟ್ಟರೆ ಸಂಕಲನಕಾರರಿಗೆ ಕಟ್ ಕೂಡುವುದಿಲ್ಲ. ಆಗ ಹೋಗುವುದು ನಿಮ್ಮ ಕ್ಲೋಸಪ್ಪೇ.

ಲೆಕ್ಕಪತ್ರ:
ದಿನಕ್ಕಿಷ್ಟು ಅಂತ ಮಾತಾಡುವಾಗ ಜೊತೆಗೇ ನಾಲ್ಕು ವಿಷಯ ಕೇಳಿ: ಕಾಲ್‌ಶೀಟ್ (ಒಂದು ದಿನದ ಕೆಲಸದ ಅವಧಿ) ಎಷ್ಟು ಗಂಟೆ, ಅರ್ಧ ದಿನದಲ್ಲಿ ಬಿಟ್ಟರೆ ಪೂರ್ತಿ ಹಣವೆ, ಓಡಾಟದ ಖರ್ಚು ಯಾರದು, ಹಣ ಎಷ್ಟು ದಿನಕ್ಕೆ ಬರುತ್ತದೆ. ಕೆಲಸ ಮಾಡಿದ ದಿನ, ಸೆಟ್‌ಗೆ ಹೋದ ಮತ್ತು ಬಿಟ್ಟ ಹೊತ್ತು ಡೈರಿಯಲ್ಲಿರಲಿ. ತಿಂಗಳ ಕೊನೆಗೆ ದಿನಗಳ ಎಣಿಕೆಯಲ್ಲೇ ವ್ಯತ್ಯಾಸ ಬರುವುದು. ಟಿಡಿಎಸ್ (ಹಣ ಕೊಡುವಾಗಲೇ ಕಡಿತ ಮಾಡುವ ಆದಾಯ ತೆರಿಗೆ) ಶೇ 10 ಹಿಡಿಯುತ್ತಾರೆ. ಹಿಡಿದದ್ದು ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಅಂತ ಮೂರು ತಿಂಗಳಿಗೊಮ್ಮೆ ತೆರಿಗೆ ಪೋರ್ಟಲ್‌ನಲ್ಲಿ ನೋಡಿ.

ರಂಗಮಿತ್ರ:
ತುಂಬ ಉಪಕಾರವಾಯಿತು. ಸಿನಿಮಾದ ಡಬ್ಬಿಂಗ್ ಆ ನಾಲ್ಕೈದು ದಿನದಲ್ಲೇ ಸೇರುತ್ತದೆಯೆ?

ಕ್ಲಾಪ್‌ಬೋರ್ಡ್:
ಸೇರುವುದಿಲ್ಲ. ಡಬ್ಬಿಂಗ್‌ಗೆ ಕರೆ ಬರುವುದು ಎಡಿಟಿಂಗ್ ಆದ ಮೇಲೆ, ತಿಂಗಳುಗಳೇ ಕಳೆದಿರಬಹುದು. ಆ ದಿನ ನೀವು ಧಾರಾವಾಹಿಯಲ್ಲಿ ಸಿಕ್ಕಿಕೊಂಡಿದ್ದರೆ ನಿಮ್ಮ ಪಾತ್ರಕ್ಕೆ ಬೇರೆಯವರ ದನಿ ಹಾಕಿಬಿಡುತ್ತಾರೆ. ಒಪ್ಪಂದದಲ್ಲಿ ‘ಡಬ್ಬಿಂಗ್ ಕಲಾವಿದರದ್ದೇ, ಒಂದು ವಾರ ಮುಂಚೆ ತಿಳಿಸತಕ್ಕದ್ದು’ ಅಂತ ಒಂದು ಸಾಲು ಸೇರಿಸಿಸಿ. ಸಂಜೆ ಆರರ ಮೇಲೆ ಸ್ಟುಡಿಯೊ ಸಿಗುತ್ತದೆಯೇ ಅಂತಲೂ ಕೇಳಿ ನೋಡಿ. ಪಾತ್ರ ಚಿಕ್ಕದಾದರೆ ಎರಡು ಮೂರು ಗಂಟೆಯಲ್ಲಿ ಮುಗಿಯುತ್ತದೆ.