‘ರೂಕರಿ ನೂಕ್’ (1930): ಇದು ಸಿನಿಮಾನಾ, ನಾಟಕದ ಫೋಟೋನಾ?

ಹಳೆ ರೀಲು: ನಿನ್ನೆ ರಾತ್ರಿ ‘ರೂಕರಿ ನೂಕ್’ ನೋಡಿದೆ. 1926ರಲ್ಲಿ ಲಂಡನ್ನಿನ ಆಲ್ಡ್ವಿಚ್ ಥಿಯೇಟರಿನಲ್ಲಿ ಶುರುವಾಗಿ 409 ಪ್ರದರ್ಶನ ಕಂಡ ಬೆನ್ ಟ್ರಾವರ್ಸ್ ನಾಟಕವನ್ನೇ ಟಾಕಿ ಮಾಡಿದ್ದಾರೆ. ಕ್ಯಾಮೆರಾ ನೆಟ್ಟ ಕಂಬದ ಹಾಗೆ ನಿಂತಿದೆ. ಒಬ್ಬ ಈ ಬಾಗಿಲಿಂದ ಬರುತ್ತಾನೆ, ಮಾತಾಡುತ್ತಾನೆ, ಆ ಬಾಗಿಲಿಂದ ಹೋಗುತ್ತಾನೆ. ಅಷ್ಟೇ.

ಶಾರದಾ: ಬಾಗಿಲೇ ಅಲ್ವಾ ಫಾರ್ಸಿನ, ಅಂದ್ರೆ ಇಂಥ ಗೊಂದಲದ ನಗೆನಾಟಕದ ಜೀವ! ಹೊಸದಾಗಿ ಮದುವೆಯಾದವನು ಬಾಡಿಗೆ ಮನೆಗೆ ಬರುತ್ತಾನೆ, ಹೆಂಡತಿ ಇನ್ನೂ ಬಂದಿಲ್ಲ, ಅಷ್ಟರಲ್ಲಿ ಮಲತಂದೆಗೆ ಹೆದರಿ ಪೈಜಾಮಾದಲ್ಲೇ ಓಡಿಬಂದ ಹುಡುಗಿ ಒಳಗೆ ಸೇರಿಕೊಂಡಿದ್ದಾಳೆ. ಯಾರು ಯಾವ ಬಾಗಿಲ ಹಿಂದೆ ಇದ್ದಾರೆ ಅಂತ ನಮಗೆ ಗೊತ್ತಿರಬೇಕು. ಕ್ಯಾಮೆರಾ ಮುಖದ ಹತ್ತಿರ ಹೋದರೆ ಬಾಗಿಲು ಕಾಣೋದೇ ಇಲ್ಲ.

ನಿದ್ದೆಗೆಟ್ಟವ: ಕ್ಯಾಮೆರಾ ಸದ್ದು ಮೈಕಿಗೆ ಕೇಳಬಾರದು ಅಂತ ಅದನ್ನು ಗೂಡಿನೊಳಗೆ ಕೂರಿಸುತ್ತಿದ್ದ ಕಾಲ ಅದು. ಓಡಾಡಲಿ ಅಂದರೆ ಹೇಗೆ?

ಹಳೆ ರೀಲು: ಆ ನೆಪ ಬೇಡ. ಈ ಸಿನಿಮಾ ತೆಗೆದದ್ದು ಲಂಡನ್ ಹತ್ತಿರದ ಸ್ಟುಡಿಯೋ ಊರು ಎಲ್‌ಸ್ಟ್ರೀಯಲ್ಲಿ. ಹಿಂದಿನ ವರ್ಷ ಅದೇ ಊರಲ್ಲಿ ಹಿಚ್‌ಕಾಕ್ ‘ಬ್ಲ್ಯಾಕ್‌ಮೇಲ್’ ಟಾಕಿ ಮಾಡಿದರು. ಅದರಲ್ಲಿ ಪಕ್ಕದ ಮನೆಯವಳ ಹರಟೆಯಲ್ಲಿ ‘ಚಾಕು’ ಅನ್ನೋ ಪದ ಒಂದೇ ಕಿವಿಗೆ ಚುಚ್ಚುತ್ತದೆ. ತಲೆ ಓಡಿಸಿದರೆ ದಾರಿ ಇತ್ತು. ಇಲ್ಲಿ ನಿರ್ದೇಶಕ ಟಾಮ್ ವಾಲ್ಸ್, ಅವರೇ ನಟ, ನಾಟಕದಲ್ಲೂ ಅವರೇ. ರಂಗದ ಅಭ್ಯಾಸ ಬಿಡಲಿಲ್ಲ.

ಮಧ್ಯಂತರ: ನನ್ನ ತಕರಾರು ಬೇರೆ. ನಾಟಕದಲ್ಲಿ ಜನ ನಕ್ಕರೆ ನಟ ನಿಲ್ಲುತ್ತಾನೆ. ನಮ್ಮ ಕಂಪನಿ ನಾಟಕದಲ್ಲಿ ‘ವನ್ಸ್ ಮೋರ್’ ಅಂದರೆ ಇಡೀ ಹಾಡನ್ನೇ ಮತ್ತೆ ಹಾಡುತ್ತಿದ್ದರಲ್ಲ, ಹಾಗೆ ಆಟದ ಓಟ ಪ್ರೇಕ್ಷಕರ ಕೈಯಲ್ಲೂ ಇರುತ್ತದೆ. ಪರದೆ ಮೇಲೆ ಆ ಹೊಸ ಗಂಡನ ಪಾತ್ರ ಮಾಡಿರೋ ರಾಲ್ಫ್ ಲಿನ್‌ಗೆ ನಮ್ಮ ನಗು ಕೇಳುತ್ತಾ? ಅವರು ತಡೆದರೆ ಖಾಲಿ ಖಾಲಿ, ತಡೆಯದಿದ್ದರೆ ಮುಂದಿನ ಮಾತು ನಗುವಿನಲ್ಲಿ ಮುಳುಗಿತು. ಮನೇಲಿ ಒಬ್ಬರೇ ಕೂತು ನೋಡಿದರೆ ಇನ್ನೂ ಕಷ್ಟ.

ಹಳೆ ರೀಲು: ಒಬ್ಬನೇ ನೋಡಿದ್ದು ನಿಜ. ಅದೂ ಹೆಡ್‌ಫೋನ್ ಹಾಕಿಕೊಂಡು.

ಶಾರದಾ: ಹೋಗ್ಲಿ, ಹೆಂಡತಿಗೆ ಹೆದರುವ ಟ್ವೈನ್ ಆಗಿ ರಾಬರ್ಟ್‌ಸನ್ ಹೇರ್ ನಡುಗೋದನ್ನ ನೋಡಿಯೂ ನಗು ಬರಲಿಲ್ವಾ? ಈ ತಂಡ ರಂಗದ ಮೇಲೆ ಹೇಗಿತ್ತು ಅಂತ ನೋಡೋಕೆ ನಮಗೆ ಉಳಿದಿರೋದು ಇಂಥ ಸಿನಿಮಾಗಳೇ. ಕ್ಯಾಮೆರಾ ಸುಮ್ನೆ ನಿಂತಿದ್ದಕ್ಕೆ ನಾನಂತೂ ಬೈಯಲ್ಲ.

ಹಳೆ ರೀಲು: ಟ್ವೈನ್‌ಗೆ ನಕ್ಕೆ. ಒಪ್ಪಿದೆ. ಭಾನುವಾರ ನಾಲ್ಕು ಜನ ಸೇರಿಸಿ ಮತ್ತೆ ಹಾಕ್ತೀನಿ, ಆಮೇಲೆ ಜಗಳ ಮುಂದುವರಿಸೋಣ.